ಗಾಳದ ಕೋಲಿನಿಂದ ಕಿಟಕಿ ತೊಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬನ್ ಫೈಬರ್ ಗಾಳದ ಕೋಲಿನಿಂದ ನಿಜಕ್ಕೂ ಕಿಟಕಿ ತೊಳೆಯಬಹುದೇ?

ತೊಳೆಯಬಹುದು. ಆದರೆ ತಂದ ಕೋಲಿನ ತುದಿಗೆ ಹಾಗೆಯೇ ಬ್ರಷ್ ಕಟ್ಟಿ ಹೊರಟರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಕೋಲಿನ ಜೊತೆ ಸಾಗುವ ಪೈಪಿನಿಂದ ಬ್ರಷ್‌ಗೆ ಶುದ್ಧ ನೀರು ಹರಿಸಿ, ಗಾಜನ್ನು ಉಜ್ಜಿ, ಒರೆಸದೆ ಒಣಗಲು ಬಿಡುವುದು ಇಲ್ಲಿನ ವಿಧಾನ.

ಇಲ್ಲಿ ಮಾತು ರೀಲು ಮತ್ತು ದಾರದ ಬಳೆಗಳಿರುವ ಗಾಳದ ಕಡ್ಡಿಯ ಬಗ್ಗೆ ಅಲ್ಲ. ದಡದಲ್ಲಿ ಕುಳಿತು ನೀರಿನ ಮೇಲೆ ದೂರಕ್ಕೆ ಚಾಚುವ, ರೀಲೇ ಇಲ್ಲದ, ತುಂಡು ತುಂಡಾಗಿ ಜೋಡಿಸುವ ಉದ್ದನೆಯ ಕೋಲಿನ ಬಗ್ಗೆ. ಇಂತಹ ಕೋಲುಗಳು 16 ಮೀಟರ್‌ವರೆಗೂ ಬರುತ್ತವೆ. ಅಷ್ಟುದ್ದದ ಕೋಲನ್ನು ಒಬ್ಬರೇ ಎತ್ತಿ ಹಿಡಿಯಬಹುದು ಎಂಬುದೇ ಕಿಟಕಿ ತೊಳೆಯುವವರ ಕಣ್ಣು ಅದರ ಮೇಲೆ ಬೀಳಲು ಕಾರಣ.

ಕೋಲು ಅಷ್ಟು ಹಗುರವಾಗಿರುವುದರ ಗುಟ್ಟು ಎರಡು. ಕೊಳವೆಯ ಗೋಡೆ ತೀರಾ ತೆಳು. ಒಳಗಿನ ನಾರುಗಳಲ್ಲಿ ಬಹುಪಾಲು ಕೋಲಿನ ಉದ್ದಕ್ಕೇ ಹಾಸಿರುತ್ತವೆ, ಸುತ್ತಲೂ ಬಳಸಿದ ನಾರು ಕಡಿಮೆ. ಕೋಲು ಬಾಗದಂತೆ ತಡೆಯಲು ಅಷ್ಟು ಸಾಕು. ಹಿಂಡಿದರೆ, ತಿರುಚಿದರೆ, ಕಿಟಕಿಯ ಚೌಕಟ್ಟಿಗೆ ಬಡಿದರೆ ತಾಳಿಕೊಳ್ಳಲು ಸಾಲದು. ಮೀನು ಹಿಡಿಯುವವರಿಗೆ ಆ ಬಲ ಅಷ್ಟಾಗಿ ಬೇಕಿರಲಿಲ್ಲ, ತಯಾರಕರು ಕೊಡಲಿಲ್ಲ. ಕಿಟಕಿಯ ಕೆಲಸಕ್ಕೆ ಬೇಕಾಗಿರುವುದು ಅದೇ ಬಲ. ಆದ್ದರಿಂದ ಕೋಲನ್ನು ಹೊಂದಿಸುವುದು ಎಂದರೆ ಆಯ್ದ ಕೆಲವು ಜಾಗಗಳಲ್ಲಿ, ಕೆಲವೇ ಗ್ರಾಂಗಳಷ್ಟು, ಆ ಬಲವನ್ನು ಮರಳಿ ತುಂಬುವುದು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಮಾತಿನ ವಿಸ್ತರಣೆಯೇ.

ಮೊದಲು ತಿಳಿದಿರಬೇಕಾದ ಅಪಾಯ ಯಾವುದು?

ವಿದ್ಯುತ್. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಹೊಳೆಯುವ ಬಣ್ಣ ಬಳಿದ ಮಾತ್ರಕ್ಕೆ ಆ ಗುಣ ಹೋಗುವುದಿಲ್ಲ. ಗಾಳದ ಕೋಲುಗಳ ಮೇಲೆ ವಿದ್ಯುತ್ ತಂತಿಯ ಎಚ್ಚರಿಕೆಯ ಚೀಟಿ ಅಂಟಿಸಿರುವುದು ಇದೇ ಕಾರಣಕ್ಕೆ. ಕೋಲನ್ನು ಉಜ್ಜುವಾಗ ಆ ಚೀಟಿ ಕಿತ್ತುಬಂದರೆ ಇನ್ನೊಂದನ್ನು ಬರೆದು ಅಂಟಿಸಿ, ಮುಂದೆ ಅದನ್ನು ಎರವಲು ಪಡೆಯುವವರಿಗಾಗಿಯಾದರೂ.

ಹೆಚ್ಚು ವೋಲ್ಟೇಜಿನ ತಂತಿಯನ್ನು ಕೋಲು ಮುಟ್ಟಲೇಬೇಕೆಂದಿಲ್ಲ; ಹತ್ತಿರ ಹೋದರೂ ವಿದ್ಯುತ್ ಗಾಳಿಯನ್ನು ಸೀಳಿ ಹಾರಬಲ್ಲದು. ಕೆಲಸ ಶುರು ಮಾಡುವ ಮುನ್ನ ಕಟ್ಟಡದ ಸುತ್ತ ಒಮ್ಮೆ ನಡೆದು ತಲೆ ಎತ್ತಿ ನೋಡಿ. ಕಂಬದಿಂದ ಮನೆಗೆ ಬರುವ ತಂತಿ, ಗೋಡೆಯ ದೀಪ, ಸೂರಿನಡಿಯ ಹಳೆಯ ವೈರಿಂಗ್, ಎಲ್ಲವೂ ಲೆಕ್ಕಕ್ಕೆ. ಅಳೆಯಬೇಕಾದದ್ದು ಕೋಲು ನಿಂತಿರುವಾಗಿನ ದೂರವನ್ನಲ್ಲ. ಕೈತಪ್ಪಿ ಯಾವ ದಿಕ್ಕಿಗಾದರೂ ಬಿದ್ದರೆ ತಂತಿಗೆ ತಗಲುತ್ತದೆಯೇ ಎಂಬುದನ್ನು. ಅನುಮಾನ ಬಂದರೆ ಆ ಬದಿಯ ಕಿಟಕಿಗಳನ್ನು ಬಿಟ್ಟುಬಿಡಿ.

ಶುದ್ಧ ನೀರಿನಲ್ಲಿ ವಿದ್ಯುತ್ ಹೆಚ್ಚು ಹರಿಯುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಗಾಜಿನಿಂದ ಕೊಳೆ ಹೊತ್ತು ಕೋಲಿನ ಮೇಲೆ ಇಳಿಯುವ ನೀರು ಶುದ್ಧ ನೀರಲ್ಲ. ಹಿಡಿಯುವ ಜಾಗಕ್ಕೆ ಮಾತ್ರ ಗ್ಲಾಸ್ ಫೈಬರ್ ತುಂಡು ಜೋಡಿಸುವ ಉಪಾಯವನ್ನೂ ನಂಬಿ ಕೂರಬೇಡಿ: ಒದ್ದೆಯಾದ, ವಿದ್ಯುತ್ ಪರೀಕ್ಷೆಗೆ ಒಳಪಡದ ಹಿಡಿ ರಕ್ಷಣೆಯ ಭರವಸೆ ಕೊಡುವುದಿಲ್ಲ. ಗುಡುಗು ಕೇಳಿಸಿದರೆ ಕೋಲನ್ನು ನೆಲಕ್ಕೆ ಮಲಗಿಸಿ ಒಳಗೆ ಹೋಗಿ.

ಯಾವ ಬಗೆಯ ಕೋಲು ಒಳ್ಳೆಯದು?

ದುಬಾರಿಯಾದದ್ದಲ್ಲ. ಸ್ಪರ್ಧೆಗೆಂದು ಮಾಡಿದ ಅತಿ ಹಗುರ, ಅತಿ ಬಿಗುಪಿನ ಕೋಲು ಈ ಕೆಲಸಕ್ಕೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅದರ ನಾರು ಹೆಚ್ಚು ಬಿಗಿ, ಗೋಡೆ ಇನ್ನಷ್ಟು ತೆಳು. ಒಂದು ಪೆಟ್ಟಿಗೆ ಸೀಳು ಬಿಡುತ್ತದೆ. ಬೇಕಾಗಿರುವುದು ದೊಡ್ಡ ಕಾರ್ಪ್ ಮೀನುಗಳನ್ನು ದಡದ ಹತ್ತಿರದಲ್ಲೇ ಹಿಡಿಯಲು ಮಾಡಿದ ಗಿಡ್ಡ, ದಪ್ಪ ಗೋಡೆಯ ಕೋಲು. ಮೀನು ಹಿಡಿಯುವವರು ಭಾರವೆಂದು ಮೂಲೆಗಿಟ್ಟ ಹಳೆಯ ಕೋಲು ಸಿಕ್ಕರೆ ಇನ್ನೂ ಒಳ್ಳೆಯದು.

ಕೊಳ್ಳುವ ಮುನ್ನ ಪ್ರತಿ ತುಂಡಿನ ಬಾಯಿಯ ಹತ್ತಿರ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೆಲ್ಲಗೆ ಹಿಂಡಿ ನೋಡಿ. ಸ್ವಲ್ಪ ಒಳಗೆ ಹೋದಂತೆ ಅನಿಸಿದರೆ ತೆಳು ಗೋಡೆ. ಸಣ್ಣದಾಗಿ ಟಿಕ್ ಎಂದರೆ ಆಗಲೇ ಸೀಳಿದೆ. ಉಗುರಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕೊಳವೆ ಒಂದೇ ಸ್ವರದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಸದ್ದು ಮಂದವಾಗುತ್ತದೆ.

ಇನ್ನೊಂದು ವಸ್ತುವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಮೀನನ್ನು ನೀರಿನಿಂದ ಎತ್ತುವ ಕೈಬಲೆಯ ಹಿಡಿಕೆ. ಅದೂ ಕಾರ್ಬನ್ ಫೈಬರ್‌ನಲ್ಲಿ ಬರುತ್ತದೆ, ಉದ್ದ ಸಾಮಾನ್ಯವಾಗಿ 2ರಿಂದ 4 ಮೀಟರ್. ತುದಿಯಲ್ಲಿ ಒದ್ದೆ ಬಲೆ ಮತ್ತು ಒದ್ದಾಡುವ ಮೀನಿನ ಭಾರ ಹೊರಲೆಂದೇ ಮಾಡಿರುವುದರಿಂದ ಗೋಡೆ ಗಟ್ಟಿ, ತುದಿಯಲ್ಲಿ ಥ್ರೆಡ್ ಇರುವ ಲೋಹದ ಬಾಯಿಯೂ ಸಿದ್ಧವಾಗಿರುತ್ತದೆ. ಬ್ರಿಟಿಷ್ ಮಾದರಿಯ ಹಿಡಿಕೆಗಳಲ್ಲಿ ಅದು ಅಂಗುಲದ ಎಂಟನೇ ಮೂರರಷ್ಟು (3/8) ಅಗಲದ ಬಿಎಸ್ಎಫ್ ಥ್ರೆಡ್, ಅಂದರೆ ಬ್ರಿಟಿಷ್ ಅಳತೆಯ ಸಣ್ಣ ಎಳೆಯ ಥ್ರೆಡ್. ಕಿಟಕಿ ಬ್ರಷ್‌ನ ಥ್ರೆಡ್‌ಗೆ ಹೊಂದುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ನೆಲಮಹಡಿಯ ಕಿಟಕಿಗಳಷ್ಟೇ ಇದ್ದರೆ ಉದ್ದ ಕೋಲಿನ ಗೋಜಿಗೆ ಹೋಗದೆ ಇದನ್ನೇ ಬಳಸಿ.

ಒಂದರೊಳಗೊಂದು ಜಾರಿ ಉದ್ದವಾಗುವ ಟೆಲಿಸ್ಕೋಪಿಕ್ ಕೋಲು ಆಗುವುದಿಲ್ಲವೇ? ಒಯ್ಯಲು ಅದೇ ಸುಲಭ.

ಒಯ್ಯಲು ಸುಲಭ, ಕೆಲಸಕ್ಕಲ್ಲ. ಕಿಟಕಿ ತೊಳೆಯಲೆಂದೇ ಮಾಡಿದ ಟೆಲಿಸ್ಕೋಪಿಕ್ ಕೋಲಿನಲ್ಲಿ ಪ್ರತಿ ಕೊಳವೆಯೂ ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಅದನ್ನು ಕ್ಲ್ಯಾಂಪ್ ಹಿಡಿದಿಡುತ್ತದೆ. ಗಾಳದ ಕೋಲಿನ ಕೊಳವೆಗಳು ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುತ್ತವೆ, ಎಳೆದಾಗ ತಾವಾಗಿ ಕಚ್ಚಿಕೊಳ್ಳುತ್ತವೆ. ಮೀನು ಹೊರಗೆ ಎಳೆಯುತ್ತದೆ, ಹಾಗಾಗಿ ಕಚ್ಚಿಕೊಂಡೇ ಇರುತ್ತವೆ. ನೀವು ಬ್ರಷ್ಷನ್ನು ಗಾಜಿಗೆ ಒತ್ತುತ್ತೀರಿ, ಮೇಲಕ್ಕೆ ನೂಕುತ್ತೀರಿ. ಮೇಲಿನ ತುಂಡು ಹಿಡಿತ ಬಿಟ್ಟು ಒಳಗೆ ಕುಸಿಯುತ್ತದೆ. ಕ್ಲ್ಯಾಂಪ್ ಹಾಕಿದರೆ ಓರೆಯಾದ ಕೊಳವೆಯ ಮೇಲೆ ಅದು ಒಂದು ಅಂಚಿನಲ್ಲಷ್ಟೇ ಕೂರುತ್ತದೆ, ಆ ಅಂಚಿನಲ್ಲೇ ಗೋಡೆ ಒಡೆಯುತ್ತದೆ.

ಎಷ್ಟು ಎತ್ತರದವರೆಗೆ ನಂಬಬಹುದು?

ಹೆಚ್ಚಿನವರಿಗೆ 6 ಮೀಟರ್ ಕೋಲು ಸಾಕು. ಕೋಲನ್ನು ಸುಮಾರು 70 ಡಿಗ್ರಿ ಓರೆಯಲ್ಲಿ ಹಿಡಿದರೆ ಅದು 5.6 ಮೀಟರ್ ಎತ್ತರಕ್ಕೆ ಮುಟ್ಟುತ್ತದೆ, ಬುಡವನ್ನು ಸೊಂಟದ ಮಟ್ಟದಲ್ಲಿ ಹಿಡಿದಿರುವುದರಿಂದ ಇನ್ನೊಂದು ಮೀಟರ್ ಸಿಗುತ್ತದೆ. ಮೊದಲ ಮಹಡಿಯ ಕಿಟಕಿಗಳು ಇದರೊಳಗೆ ಬರುತ್ತವೆ.

16 ಮೀಟರ್ ಕೋಲು ಕೈಯಲ್ಲಿದೆ, ಹಾಗಾಗಿ ಐದನೇ ಮಹಡಿಗೂ ಹೋಗಬಹುದು ಎಂಬ ಲೆಕ್ಕ ತಪ್ಪು. ಒಂದೇ ಕೊಳವೆಯ ತುದಿಗೆ ಅದೇ ಭಾರ ಹಾಕಿದರೆ ಬಾಗುವ ಪ್ರಮಾಣ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ: 6 ಮೀಟರನ್ನು 8 ಮಾಡಿದರೆ ಬಾಗು ಎರಡೂಕಾಲು ಪಟ್ಟಿಗೂ ಹೆಚ್ಚು. ಗಾಳಿ ಬೀಸಿದರೆ ಕೇಳುವುದೇ ಬೇಡ. 8 ಮೀಟರ್ ದಾಟಿದ ಮೇಲೆ ಗಾಳದ ಕೋಲನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಬ್ರಷ್ ಎಷ್ಟು ಭಾರವಿರಬಹುದು?

ಎಷ್ಟು ಹಗುರವೋ ಅಷ್ಟು ಒಳ್ಳೆಯದು. ಹಗುರ ಕೋಲಿಗೆಂದು ಹಣ ಸುರಿದು, ಅದರ ತುದಿಗೆ ದಪ್ಪ ಹಲಗೆಯ ಕಾರು ತೊಳೆಯುವ ಬ್ರಷ್ ಸಿಕ್ಕಿಸುವವರನ್ನು ನೋಡಿದರೆ ಮೂಗಿಗಿಂತ ಮೂಗುತಿ ಭಾರ ಎನ್ನದೆ ವಿಧಿಯಿಲ್ಲ.

ಲೆಕ್ಕ ಹಾಕಿ ನೋಡೋಣ. ಬ್ರಷ್, ಬಾಗಿದ ಕತ್ತು, ತುದಿಯ ಪೈಪು ಎಲ್ಲ ಸೇರಿ 400 ಗ್ರಾಂ ಎಂದುಕೊಳ್ಳಿ. ಕೋಲು 8 ಮೀಟರ್, ಓರೆ 70 ಡಿಗ್ರಿ. ಕೆಳಗಿನ ಕೈಯಿಂದ ಅಳೆದರೆ ಆ ಭಾರ ಅಡ್ಡಕ್ಕೆ ಸುಮಾರು 2.7 ಮೀಟರ್ ಆಚೆ ಇರುತ್ತದೆ. ನಿಮ್ಮ ಎರಡು ಕೈಗಳ ನಡುವಿನ ಅಂತರ 70 ಸೆಂಟಿಮೀಟರ್ ಆದರೆ, ಬ್ರಷ್ಷೊಂದನ್ನೇ ಬೀಳದಂತೆ ತಡೆಯಲು ಮೇಲಿನ ಕೈ ಒಂದೂವರೆ ಕಿಲೋಗೂ ಹೆಚ್ಚಿನ ಬಲದಿಂದ ಎಳೆದು ಹಿಡಿದಿರಬೇಕು. ಕೋಲಿನ ಸ್ವಂತ ತೂಕ ಇದರ ಮೇಲೆ. ತುದಿಗೆ ಇನ್ನೊಂದು 100 ಗ್ರಾಂ ಸೇರಿಸಿದರೆ ಕೈಗೆ 400 ಗ್ರಾಂನಷ್ಟು ಹೆಚ್ಚುವರಿ ಕೆಲಸ. ಅದೇ 100 ಗ್ರಾಂ ಬುಡದಲ್ಲಿ ಸೇರಿಸಿದರೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ತುದಿಯಲ್ಲಿ ಜಿಪುಣರಾಗಿ, ಬುಡದಲ್ಲಿ ಧಾರಾಳಿಗಳಾಗಿ. ಅಡುಗೆಮನೆಯ ತಕ್ಕಡಿಯಲ್ಲಿ ತುದಿಯ ಪ್ರತಿಯೊಂದು ಸಾಮಾನನ್ನೂ ತೂಗಿ ಬರೆದಿಟ್ಟುಕೊಳ್ಳಿ. ಒಂದು ಹಿತ್ತಾಳೆ ಕನೆಕ್ಟರ್ ಎಷ್ಟು ತೂಗುತ್ತದೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ.

ತುದಿಗೆ ಬ್ರಷ್ ಕೂರಿಸುವುದು ಹೇಗೆ?

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ ಇದೇ.

ಮೊದಲು, ಪೆನ್ಸಿಲಿನಂತೆ ಸಣ್ಣಗಿರುವ ತುದಿಯ ತುಂಡುಗಳನ್ನು ಮರೆತುಬಿಡಿ. ಅವು ದಾರ ಹೊರಲು ಮಾಡಿದವು. ಹೊರವ್ಯಾಸ 20 ಮಿಲಿಮೀಟರ್ ದಾಟುವ ಜಾಗದಿಂದ ಕೆಳಗಿನ ಭಾಗವಷ್ಟೇ ನಮಗೆ ಬೇಕು. ಹಾಗಾಗಿ 11 ಮೀಟರ್ ಕೋಲು ಕೊಂಡರೆ ಕಿಟಕಿಗೆ ಉಳಿಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಕೊಳ್ಳುವಾಗಲೇ ಇದನ್ನು ಲೆಕ್ಕ ಹಾಕಿ.

ಹೀಗೆ ಉಳಿದ ತುಂಡಿನ ಮೇಲಿನ ಬಾಯಿಯೊಳಗೆ ಗ್ಲಾಸ್ ಫೈಬರ್ ಕೊಳವೆಯ ಒಂದು ಬಿರಡೆ ಕೂರಬೇಕು, ಬಿರಡೆಗೆ ಬ್ರಷ್‌ನ ಥ್ರೆಡ್. ಬಿರಡೆಯನ್ನು ಮೇಲಿನಿಂದ ತುರುಕಬೇಡಿ, ಕೆಳಗಿನ ಅಗಲ ಬಾಯಿಯಿಂದ ತೂರಿಸಿ ಮೇಲಕ್ಕೆ ತಳ್ಳಿ. ಕೊಳವೆ ಮೇಲೆ ಹೋದಂತೆ ಕಿರಿದಾಗುವುದರಿಂದ ಅದು ತಾನಾಗಿ ಸಿಕ್ಕಿಕೊಳ್ಳುತ್ತದೆ, ಮುಂದೆ ಅಂಟು ಬಿಟ್ಟರೂ ಬ್ರಷ್ ಹಾರಿ ಕೆಳಗಿನವರ ತಲೆಯ ಮೇಲೆ ಬೀಳುವುದಿಲ್ಲ. ಒಳಗೆ ಕೂರುವ ಭಾಗ ವ್ಯಾಸದ ಮೂರು ಪಟ್ಟಾದರೂ ಉದ್ದವಿರಲಿ. ಅದರ ಕೆಳ ಅಂಚನ್ನು ಉಜ್ಜಿ ಓರೆ ಮಾಡಿ. ಚೌಕವಾಗಿ ಬಿಟ್ಟರೆ ಬಾಗುವ ಒತ್ತಡವೆಲ್ಲ ಆ ಅಂಚಿನ ಗೆರೆಯಲ್ಲಿ ಒಟ್ಟಾಗಿ, ಕೋಲು ಅಲ್ಲೇ ಮುರಿಯುತ್ತದೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎರಡು ಡಬ್ಬಿಯ ಎಪಾಕ್ಸಿ ಬಳಸಿ, ಐದು ನಿಮಿಷದ್ದು ಬೇಡ. ಎರಡೂ ಮೈಗಳನ್ನು ಸ್ಯಾಂಡ್‌ಪೇಪರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಬೆರಳು ತಾಕಿಸದೆ ಅಂಟು ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಅಲುಗಿಸದೆ ಬಿಡಿ.

ಆಮೇಲೆ ಹೊರಗಿನ ಕಟ್ಟು. ಬಾಯಿಯ ಅಂಚಿನಿಂದ ಕೆಳಕ್ಕೆ 40 ಮಿಲಿಮೀಟರ್‌ನಷ್ಟು ಅಗಲಕ್ಕೆ ಗಟ್ಟಿ ನೈಲಾನ್ ದಾರವನ್ನು ಒಂದು ಸುತ್ತಿಗೊಂದು ಒತ್ತಾಗಿ, ಬಿಗಿಯಾಗಿ ಸುತ್ತಿ, ಮೇಲೆ ತೆಳುವಾಗಿ ಎಪಾಕ್ಸಿ ಬಳಿಯಿರಿ. ಕೋಲಿಗೆ ಕೊರತೆಯಾಗಿರುವ ಸುತ್ತುನಾರು ಇದೇ. ಉದ್ದಕ್ಕೆ ಸೀಳುವ ಬಿರುಕು ಈ ಕಟ್ಟಿನ ಬಳಿ ಬಂದು ನಿಲ್ಲುತ್ತದೆ. ಉಳಿದ ಪ್ರತಿ ಕೀಲಿನ ಹೊರಬಾಯಿಗೂ ಇದೇ ಕಟ್ಟು ಹಾಕಿ. ತೂಕ ಕೆಲವೇ ಗ್ರಾಂ.

ಅಲ್ಯೂಮಿನಿಯಂ ಬಿರಡೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಕಾರ್ಬನ್ ಮತ್ತು ಅಲ್ಯೂಮಿನಿಯಂ ನೀರಿನಲ್ಲಿ ಒಂದಕ್ಕೊಂದು ತಗಲಿದರೆ ಬ್ಯಾಟರಿಯಂತೆ ವರ್ತಿಸುತ್ತವೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬಳಸಲೇಬೇಕಾದರೆ ನಡುವೆ ಗ್ಲಾಸ್ ಫೈಬರ್ ಬಟ್ಟೆಯ ಒಂದು ಪದರ ಕೊಟ್ಟು ಅಂಟಿಸಿ.

ಕತ್ತರಿಸುವಾಗ ಏನೇನು ಎಚ್ಚರಿಕೆ?

ಕತ್ತರಿಸುವ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಹಿಡಿದು, ಒಂದೇ ಕಡೆಯಿಂದ ಆಚೆಗೆ ಕೊಯ್ಯದೆ, ಕೋಲನ್ನು ತಿರುಗಿಸುತ್ತಾ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ಯಿರಿ. ಪೈಪು ಕತ್ತರಿಸುವ ಚಕ್ರದ ಕಟ್ಟರ್ ಬೇಡವೇ ಬೇಡ, ಅದು ಕೊಯ್ಯುವುದಿಲ್ಲ, ನಜ್ಜುಗುಜ್ಜು ಮಾಡುತ್ತದೆ.

ಕರಿ ಧೂಳು ಉಸಿರಿಗೆ ಹೋಗಬಾರದು. ಎನ್95 ದರ್ಜೆಯ ಮಾಸ್ಕ್, ಕನ್ನಡಕ, ಕೈಗವಸು ಮೂರೂ ಬೇಕು. ನೀರು ಹಚ್ಚಿ ಉಜ್ಜಿದರೆ ಧೂಳು ಹಾರುವುದಿಲ್ಲ. ಆ ಧೂಳೂ ವಿದ್ಯುತ್ ವಾಹಕವೇ, ಕಂಪ್ಯೂಟರ್ ಅಥವಾ ಚಾರ್ಜರ್ ಇರುವ ಕೋಣೆಯಲ್ಲಿ ಈ ಕೆಲಸ ಮಾಡಬೇಡಿ. ಕೊಯ್ದ ಅಂಚಿನ ಸಿಬಿರು ಚರ್ಮದೊಳಗೆ ಹೊಕ್ಕರೆ ಕಣ್ಣಿಗೆ ಕಾಣದೆ ದಿನಗಟ್ಟಲೆ ಚುಚ್ಚುತ್ತದೆ. ಅಂಚಿಗೆ ಎಪಾಕ್ಸಿ ಸವರಿ ಮುಚ್ಚಿಬಿಡಿ.

ನೀರಿನ ಪೈಪು ಕೋಲಿನ ಒಳಗೆ ಹೋಗಬೇಕೇ, ಹೊರಗೆ ಇರಬೇಕೇ?

ಹೊರಗೆ. ಒಳಗಿನಿಂದ ಒಯ್ದರೆ ಚೆಂದ ಕಾಣುತ್ತದೆ, ಆದರೆ ತುಂಡು ಸೇರಿಸುವಾಗ, ಬಿಚ್ಚುವಾಗ ಪ್ರತಿ ಸಲವೂ ಪೈಪನ್ನು ಪೋಣಿಸಬೇಕು. ಪೈಪು ಹೊರಬರಲೆಂದು ಗೋಡೆಗೆ ತೂತು ಕೊರೆದರೆ ಇರುವ ಬಲವೂ ಹೋಗುತ್ತದೆ. ಮೀಟರಿಗೊಂದರಂತೆ ವೆಲ್ಕ್ರೊ ಪಟ್ಟಿ ಸುತ್ತಿದರೆ ಸಾಕು. ಬಿಗಿದು ಎಳೆಯುವ ಪ್ಲಾಸ್ಟಿಕ್ ಟೈ ಅಥವಾ ಲೋಹದ ಹೋಸ್ ಕ್ಲಿಪ್ ಬೇಡ, ಎರಡೂ ಗೋಡೆಯನ್ನು ಹಿಂಡುತ್ತವೆ.

ಒಳವ್ಯಾಸ 5 ಮಿಲಿಮೀಟರ್ ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು 20 ಗ್ರಾಂ ನೀರು ನಿಲ್ಲುತ್ತದೆ, 8 ಮಿಲಿಮೀಟರಿನದರಲ್ಲಿ 50 ಗ್ರಾಂ. ಒತ್ತಡದ ಚಿಂತೆ ಬೇಡ: 10 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವುದು ಸುಮಾರು 1 ಬಾರ್, ಅದರ ಮೇಲೆ ಸಣ್ಣ ಪೈಪಿನ ಘರ್ಷಣೆಗೆ ಇನ್ನಷ್ಟು.

ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತವೆ. ಬ್ರಷ್ ಬದಲಿಸಬೇಕೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಚುಕ್ಕೆ ಬರುವುದು ನೀರಿನಿಂದ. ಈ ವಿಧಾನದಲ್ಲಿ ಗಾಜನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಒಣಗಬೇಕು. ಕೊಳಾಯಿ ನೀರಿನಲ್ಲಿ ಕರಗಿರುವ ಸುಣ್ಣದಂಶ ಮತ್ತು ಲವಣಗಳು ಒಣಗಿದಲ್ಲಿ ಉಳಿಯುತ್ತವೆ. ಆರ್‌ಒ ಯಂತ್ರ, ಅದರ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರಿಕೊಳ್ಳುವ ರಾಳದ ಹರಳು) ದಾಟಿಸಿದ ನೀರು ಬಳಸಿ. ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕಿಂತ) ಕಡಿಮೆ ತೋರಿಸಬೇಕು, ಸೊನ್ನೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಕುಡಿಯುವ ನೀರಿನ ಆರ್‌ಒ ಯಂತ್ರದ ನೀರು ಕುಡಿಯಲು ಚೆನ್ನಾಗಿದ್ದರೂ ಗಾಜಿಗೆ ಸಾಮಾನ್ಯವಾಗಿ ಸಾಲದು.

ನೀರು ಸರಿಯಿದ್ದೂ ಗೆರೆ ಬಿದ್ದರೆ ಮೇಲಿನ ಚೌಕಟ್ಟಿನ ಕೊಳೆ ಇಳಿಯುತ್ತಿದೆ. ಚೌಕಟ್ಟನ್ನು ಮೊದಲು ತೊಳೆದು, ಅದು ತೊಟ್ಟಿಕ್ಕುವುದು ನಿಂತ ಮೇಲೆ ಗಾಜಿಗೆ ಬನ್ನಿ.

ಸೋಪು ಹಾಕಿ, ರಬ್ಬರ್ ಪಟ್ಟಿಯ ವೈಪರ್‌ನಿಂದ ಎಳೆಯಬಹುದೇ?

ಈ ಕೋಲಿನಿಂದ ಬೇಡ. ವೈಪರ್‌ಗೆ ಒಂದೇ ಸಮನಾದ ಒತ್ತಡ ಬೇಕು, ಬಾಗುವ ಕೋಲು ಅದನ್ನು ಕೊಡಲಾರದು.

ಕೆಲಸದ ನಡುವೆ ತುಂಡುಗಳು ತಿರುಗುತ್ತವೆ. ಮುಗಿದ ಮೇಲೆ ನೋಡಿದರೆ ಬಿಚ್ಚಲೇ ಬರುವುದಿಲ್ಲ. ಏನು ಮಾಡಲಿ?

ಎರಡಕ್ಕೂ ಕಾರಣ ಕೀಲಿನೊಳಗಿನ ನೀರು ಮತ್ತು ಮಣ್ಣು. ಒದ್ದೆ ಕೀಲು ಮೊದಲು ಜಾರುತ್ತದೆ, ಮಣ್ಣಿನ ಕಣ ಸೇರಿದರೆ ಆಮೇಲೆ ಕಚ್ಚಿಕೊಳ್ಳುತ್ತದೆ. ಜೋಡಿಸುವ ಮುನ್ನ ಎರಡೂ ಮೈಗಳನ್ನು ಒಣ ಬಟ್ಟೆಯಿಂದ ಒರೆಸಿ. ಮೇಲಿನ ತುಂಡು ಕೆಳಗಿನದರ ಮೇಲೆ ಟೋಪಿಯಂತೆ ಕೂರುವ ಕೋಲಾದರೆ ಇಳಿಯುವ ನೀರು ಒಳಗೆ ನುಗ್ಗುವುದು ಕಡಿಮೆ, ಕೊಳ್ಳುವಾಗ ಅಂತಹದ್ದನ್ನೇ ಆರಿಸಿ. ತಿರುಗುವುದನ್ನು ತಡೆಯಲು ಕೀಲಿನ ಸಂದಿಗೆ ಹೊರಗಿನಿಂದ ಒಂದು ಸುತ್ತು ಟೇಪ್ ಸಾಕು, ಬೋಲ್ಟ್ ಕೊರೆಯಬೇಡಿ.

ಕಚ್ಚಿಕೊಂಡ ಕೀಲನ್ನು ಇಕ್ಕಳದಿಂದ ಹಿಡಿದರೆ ಕೋಲಿನ ಆಯುಸ್ಸು ಅಲ್ಲಿಗೆ ಮುಗಿಯಿತು. ರಬ್ಬರ್ ಕೈಗವಸು ತೊಟ್ಟ ಇಬ್ಬರು, ಕೀಲಿನ ಆಚೀಚೆ ಅಂಗೈ ಅಗಲಿಸಿ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ನೇರವಾಗಿ ಎಳೆಯಬೇಕು. ಬಾಗಿಸಿ ಬಿಡಿಸಲು ಹೋಗಬೇಡಿ. ಹೀಟ್ ಗನ್ ಕೂಡ ಬೇಡ, ಕಾವು ಹೆಚ್ಚಾದರೆ ನಾರುಗಳನ್ನು ಹಿಡಿದಿಟ್ಟಿರುವ ರಾಳವೇ ಮೆತ್ತಗಾಗುತ್ತದೆ.

ಬಿರುಕು ಬಿಟ್ಟ ತುಂಡನ್ನು ರಿಪೇರಿ ಮಾಡಬಹುದೇ?

ಬಿರುಕು ಬಾಯಿಯ ಹತ್ತಿರ, ಉದ್ದಕ್ಕೆ, ಒಂದೆರಡು ಸೆಂಟಿಮೀಟರ್ ಇದ್ದರೆ ಮಾಡಬಹುದು. ತೆಳು ಎಪಾಕ್ಸಿಯನ್ನು ಬಿರುಕಿನೊಳಗೆ ಇಳಿಸಿ, ಮೇಲೆ ಹೇಳಿದ ದಾರದ ಕಟ್ಟನ್ನು ಬಿರುಕು ಮುಗಿಯುವ ಜಾಗದಿಂದ ಆಚೆಗೂ ಸುತ್ತಿ. ಅಡ್ಡಕ್ಕೆ ಬಿದ್ದ ಬಿರುಕು ಬೇರೆಯ ಮಾತು: ಭಾರ ಹೊರುವ ನಾರುಗಳೇ ತುಂಡಾಗಿವೆ. ಹೊರಗೆ ಎಷ್ಟು ಸುತ್ತಿದರೂ ತಲೆಯ ಮೇಲೆ ಎತ್ತುವ ಕೋಲಿಗೆ ಅದು ಲಾಯಕ್ಕಲ್ಲ. ಅಂತಹ ತುಂಡನ್ನು ಬಿರುಕಿನ ಜಾಗಕ್ಕೆ ಕತ್ತರಿಸಿ, ಉಳಿದದ್ದನ್ನು ಗಿಡ್ಡ ಹಿಡಿಕೆ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡುವುದಕ್ಕಿಂತ ಸಿದ್ಧ ಕೋಲನ್ನೇ ಕೊಂಡರೆ?

ದಿನವೂ ಇದೇ ಕೆಲಸ ಮಾಡಿ ಬದುಕುವವರಾದರೆ ಖಂಡಿತ ಕೊಳ್ಳಿ. ಅವುಗಳಲ್ಲಿ ಸುತ್ತುನಾರು ಸಾಕಷ್ಟಿರುತ್ತದೆ, ಕ್ಲ್ಯಾಂಪ್ ಸರಿಯಾಗಿ ಕೂರುತ್ತದೆ, ಮುರಿದ ತುಂಡಿಗೆ ಬದಲಿ ಸಿಗುತ್ತದೆ. ಬೇರೆಯವರ ಕಟ್ಟಡದಲ್ಲಿ, ಜನ ಓಡಾಡುವ ಜಾಗದಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು. ಸ್ವಂತ ಮನೆಯ ಮೇಲ್ಮಹಡಿಯ ಕಿಟಕಿಗಳನ್ನು ಆಗೊಮ್ಮೆ ಈಗೊಮ್ಮೆ ಏಣಿ ಹತ್ತದೆ ತೊಳೆಯಬೇಕು, ಹಳೆಯ ಕೋಲೊಂದು ಸುಮ್ಮನೆ ಬಿದ್ದಿದೆ ಎನ್ನುವವರಿಗೆ ಮಾತ್ರ ಈ ಶ್ರಮ ಸಾರ್ಥಕ. ಬಲಪಡಿಸುತ್ತಾ ಹೋಗಿ ನಿಮ್ಮ ಕೋಲಿನ ತೂಕ ಅಷ್ಟೇ ಉದ್ದದ ಸಿದ್ಧ ಕೋಲಿನ ತೂಕವನ್ನು ಮುಟ್ಟಿತೋ, ಅಲ್ಲಿಗೆ ನಿಲ್ಲಿಸಿ.

ಕೆಲಸವಿಲ್ಲದಾಗ ಎಲ್ಲಿಡಬೇಕು?

ಬಿಚ್ಚಿ, ಒರೆಸಿ, ನೆರಳಿನಲ್ಲಿ. ಬಿಸಿಲಿನ ನೇರಳಾತೀತ ಕಿರಣಗಳು ಎಪಾಕ್ಸಿಯನ್ನು ಕಾಲಕ್ರಮೇಣ ಸವೆಸುತ್ತವೆ, ಮೇಲಿನ ವಾರ್ನಿಷ್ ಹೋದ ಕಡೆ ಇನ್ನೂ ಬೇಗ. ಒಂದರೊಳಗೊಂದು ತೂರಿಸಿಡುವುದಾದರೆ ಒಳಗೂ ಪೂರ್ತಿ ಒಣಗಿರಲಿ. ನೆಲದ ಮೇಲೆ ಮಾತ್ರ ಬಿಡಬೇಡಿ, ಈ ಕೋಲುಗಳಲ್ಲಿ ಬಹಳಷ್ಟು ಮುರಿಯುವುದು ಕಿಟಕಿಯ ಬಳಿ ಅಲ್ಲ, ಯಾರದೋ ಕಾಲಡಿ.